ಸೂಪಿನ ಪೊಟ್ಟಣದ ಸಣ್ಣಕ್ಷರ

ರಕ್ತದೊತ್ತಡ ಏರಿದೆ, ಉಪ್ಪು ಬಿಡಬೇಕು ಎಂದು ಡಾಕ್ಟರು ಹೇಳಿದ ದಿನವೇ ಅಪ್ಪ ಉಪ್ಪಿನಕಾಯಿಯ ಭರಣಿ ಎತ್ತಿಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟುಬಂದ. ಬಾಗಲಕೋಟೆ ಕಡೆಯ ಹಳ್ಳಿಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಶಾಲೆಯ ಮಾಸ್ತರನಾಗಿದ್ದವನು. ಊಟಕ್ಕೆ ಕೂತರೆ ಅವನ ಕೈ ಮೊದಲು ಉಪ್ಪಿನಕಾಯಿಗೆ ಹೋಗುತ್ತಿತ್ತು, ಆಮೇಲೆ ರೊಟ್ಟಿಗೆ. ಅಂಥವನು ಒಂದೇ ಮಾತಿಗೆ ಬಿಟ್ಟ. ಉಪ್ಪಿಲ್ಲದ ಪಲ್ಯ, ಉಪ್ಪಿಲ್ಲದ ಸಾರು ಮುಂದಿಟ್ಟರೆ ಮುಖ ಕಿವುಚದೆ ಉಣ್ಣುತ್ತಿದ್ದ.

ಎಂಬತ್ತರ ದಶಕದ ನಡುವಿನ ಮಾತು. ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನ ಜೊತೆ ಇರಲು ಮತ್ತಿಕೆರೆಗೆ ಬಂದಿದ್ದ. ನಾನು ಯಶವಂತಪುರದಲ್ಲಿ ರಟ್ಟಿನ ಡಬ್ಬಿ ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ಟೈಪಿಸ್ಟು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಬರುವಾಗ ದೀಪ ಹಚ್ಚುವ ಹೊತ್ತು. ಮಧ್ಯಾಹ್ನ ಅಪ್ಪ ಒಬ್ಬನೇ. ಬೆಳಿಗ್ಗೆ ಮಾಡಿಟ್ಟ ಅನ್ನ ಅವನಿಗೆ ಸೇರುತ್ತಿರಲಿಲ್ಲ, ಒಲೆಯ ಮುಂದೆ ನಿಲ್ಲುವ ಅಭ್ಯಾಸವೂ ಇರಲಿಲ್ಲ.

ಅಂಗಡಿಯಲ್ಲಿ ಆಗಷ್ಟೇ ಸೂಪಿನ ಪೊಟ್ಟಣಗಳು ಬಂದಿದ್ದವು. ಬಿಸಿನೀರಿಗೆ ಪುಡಿ ಹಾಕಿ ಕಲಸಿದರೆ ಮುಗಿಯಿತು. ಮೇಲೆ ಕೆಂಪಗೆ ಹೊಳೆಯುವ ಟೊಮ್ಯಾಟೊ, ಪಕ್ಕದಲ್ಲಿ ಗಜ್ಜರಿ, ಸೊಪ್ಪು. ಚಿತ್ರ ನೋಡಿದರೇ ಕಾಯಿಲೆ ಬಿದ್ದವರ ಆಹಾರ ಅನ್ನಿಸುತ್ತಿತ್ತು. ಬೆಳಿಗ್ಗೆ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಸಿ, ಪಕ್ಕದಲ್ಲಿ ಒಂದು ಪೊಟ್ಟಣ, ನಾಲ್ಕು ಚೂರು ಬ್ರೆಡ್ಡು ಇಟ್ಟು ಹೊರಡುತ್ತಿದ್ದೆ. ಅಪ್ಪನಿಗೆ ಅದು ಬಹಳ ಹಿಡಿಸಿತು. ಮೊದಲ ವಾರದಲ್ಲೇ ಒಂದು ದಿನ ಕೇಳಿದ:

"ಇದ್ರಾಗ ಉಪ್ಪು ಐತೇನವಾ? ಬಾಯಿಗೆ ಭಾಳ ರುಚಿ ಹತ್ತತೈತಿ."

"ಇಲ್ಲಪಾ, ಅದು ಟೊಮ್ಯಾಟೊ ಹುಳಿ," ಎಂದೆ. ಪೊಟ್ಟಣ ನನ್ನ ಕೈಯಲ್ಲೇ ಇತ್ತು. ಹಿಂದೆ ಇಂಗ್ಲಿಷಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಅಪ್ಪನಿಗೆ ಕಣ್ಣಿನ ಪೊರೆ, ಇಂಗ್ಲಿಷೂ ಅಷ್ಟಕ್ಕಷ್ಟೇ. ನಾನು ಓದಬಹುದಿತ್ತು, ಓದಲಿಲ್ಲ.

ಎರಡು ತಿಂಗಳು ಕಳೆದರೂ ಒತ್ತಡ ಇಳಿಯಲಿಲ್ಲ. ಕಾಲು ಬಾತು ಚಪ್ಪಲಿ ಹಿಡಿಸದಾಯಿತು. ಡಾಕ್ಟರು ಬೆರಳಿನಿಂದ ಪಾದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಮಾತ್ರೆ ಹೆಚ್ಚಿಸಿದರು, ಆಗಲಿಲ್ಲ. ಮೂರನೆಯ ಸಲ ಹೋದಾಗ ಪೆನ್ನು ಕೆಳಗಿಟ್ಟು ಅಪ್ಪನನ್ನೇ ನೋಡಿದರು.

"ಮೇಷ್ಟ್ರೇ, ನಿಜ ಹೇಳಿ. ಕದ್ದು ಉಪ್ಪಿನಕಾಯಿ ತಿಂತಿದೀರಾ? ನನ್ ಹತ್ರ ಸುಳ್ಳು ಹೇಳಿದ್ರೆ ನಷ್ಟ ನಿಮಗೇ."

ಅಪ್ಪ ಇಲ್ಲ ಎಂದ. ಡಾಕ್ಟರು ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ನಾನು ತಲೆ ತಗ್ಗಿಸಿದೆ. ಅಪ್ಪನ ಪರವಾಗಿ ಒಂದು ಮಾತೂ ಆಡಲಿಲ್ಲ, ಯಾಕೆಂದರೆ ನನಗೂ ಅದೇ ಅನುಮಾನ ಹುಟ್ಟಿಬಿಟ್ಟಿತ್ತು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪ ಸ್ನಾನಕ್ಕೆ ಹೋದಾಗ ಅವನ ಟ್ರಂಕು ತೆಗೆದು ಧೋತರಗಳ ಕೆಳಗೆ ಕೈಯಾಡಿಸಿದೆ. ಉಪ್ಪಿನ ಡಬ್ಬಿಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟೆ. ಕೆಲಸದ ನಡುವೆ, ಈಗ ಏನು ತಿನ್ನುತ್ತಿರಬಹುದು ಎಂಬ ಯೋಚನೆ ಬಂದು ಟೈಪು ತಪ್ಪುತ್ತಿತ್ತು. ಕೊನೆಗೆ ಪಕ್ಕದ ಮನೆಗೂ ಹೋದೆ. ಅಲ್ಲಿ ಮನೆಯೊಳಗೆ ಉರ್ದು ಆಡುವ ಕುಟುಂಬ. ಆ ಮನೆಯಾಕೆಯನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ಅಪ್ಪ ಭರಣಿ ಕೇಳಿಕೊಂಡು ಬಂದಿದ್ದನೇ ಎಂದು ಕೇಳಿದೆ. ಖಾಲಾ ಇಲ್ಲವೆಂದು ತಲೆಯಾಡಿಸಿದರು.

"ಒಂದಿನ ನಾನೇ ಊಟಕ್ಕೆ ಕರೆದು ಒಂದ್ ಹೋಳು ಹಾಕೋಕ್ ಹೋದೆ. ಅವ್ರು ಕೈ ಮುಗಿದ್ ಬಿಟ್ರು. ಯಾಕ್ ಕೇಳ್ತೀಯಮ್ಮಾ?"

ಆ ಮಾತು ಕೇಳಿಯೂ ನನ್ನ ಅನುಮಾನ ಸಾಯಲಿಲ್ಲ. ಖಾಲಾ ಹೇಳಿದ್ದನ್ನು ಅಪ್ಪನೇ ಹೇಳಿಕೊಟ್ಟಿರಬೇಕು ಅಂದುಕೊಂಡೆ. ಅಷ್ಟು ದೂರ ಹೋಗಿತ್ತು ನನ್ನ ತಲೆ. ಪೆನ್ಸಿಲಿನ ಗೆರೆಯನ್ನು ಅಪ್ಪ ನೋಡಿದ್ದ. ಅವತ್ತಿನಿಂದ ಅಡುಗೆಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟ. ನಾನು ಮನೆಯಲ್ಲಿದ್ದಾಗ ಕುಡಿಯುವ ನೀರಿಗೂ ನನ್ನನ್ನೇ ಕರೆಯತೊಡಗಿದ.

ಆ ದಿನಗಳಲ್ಲೇ ಪ್ರೆಸ್ಸಿಗೆ ಹಾಲಿಗೆ ಬೆರೆಸುವ ಯಾವುದೋ ಪುಡಿಯ ಡಬ್ಬಿಯ ಕೆಲಸ ಬಂತು. ಡಬ್ಬಿಯ ಹಿಂದೆ ಬರಬೇಕಾದ ಪದಾರ್ಥಗಳ ಪಟ್ಟಿ ಟೈಪು ಮಾಡುವಾಗ ನಾನು ಗೋಧಿ, ಹಾಲಿನಪುಡಿ ಮೊದಲಿಗೆ ಹಾಕಿ ಸಕ್ಕರೆಯನ್ನು ಕೆಳಗಿನ ಸಾಲಿಗೆ ಇಳಿಸಿದ್ದೆ. ನೋಡಲು ಚೆನ್ನಾಗಿರುತ್ತದೆ ಎಂದಷ್ಟೇ. ಸೂಪರ್‌ವೈಸರು ಹಾಳೆ ವಾಪಸು ತಂದರು.

"ಇದನ್ನ ನಮಗಿಷ್ಟ ಬಂದ ಹಾಗೆ ಹಾಕೋ ಹಾಗಿಲ್ಲ ಕಣಮ್ಮ. ಯಾವುದು ಜಾಸ್ತಿ ಇರುತ್ತೋ ಅದು ಮೊದಲು. ಇದ್ರಲ್ಲಿ ಸಕ್ಕರೆನೇ ಜಾಸ್ತಿ, ಅದು ಮೇಲೆ ಬರ್ಬೇಕು."

ಮಕ್ಕಳಿಗೆ ಶಕ್ತಿ ಬರಲಿ ಎಂದು ಕುಡಿಸುವ ಪುಡಿಯಲ್ಲಿ ಸಕ್ಕರೆಯೇ ಮೊದಲಾ ಎಂದು ಕೇಳಿದೆ. ಎಷ್ಟೋ ಡಬ್ಬಿಗಳ ಕಥೆ ಅದೇ ಎಂದು ಅವರು ನಕ್ಕು ಹೋದರು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಫ್ಲಾಸ್ಕಿನ ಪಕ್ಕ ಇಟ್ಟು ಬಂದಿದ್ದ ಸೂಪಿನ ಪೊಟ್ಟಣ ಕಣ್ಣ ಮುಂದೆ ಬಂತು. ತಲೆನೋವು ಎಂದು ಹೇಳಿ ಹೊರಬಿದ್ದೆ. ಬಸ್ಸು ಬೇಗ ಬರಲಿಲ್ಲ, ನಡೆದೇ ಬಿಟ್ಟೆ.

ಮನೆಗೆ ಬಂದಾಗ ಅಪ್ಪ ಸೂಪು ಕುಡಿದು ಮಲಗಿದ್ದ. ಹರಿದ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೊದಲು ಮೆಕ್ಕೆಜೋಳದ ಹಿಟ್ಟು. ಎರಡನೆಯದು ಉಪ್ಪು. ಆಮೇಲೆ ಸಕ್ಕರೆ, ಆಮೇಲೆ ಸೋಡಿಯಂ ಎಂಬ ಮಾತು ಸೇರಿದ್ದ ಉದ್ದನೆಯ ಒಂದು ಹೆಸರು. ಚಿತ್ರದ ತುಂಬ ಇದ್ದ ಟೊಮ್ಯಾಟೊ ಅದರ ಕೆಳಗಿತ್ತು. ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡೆ. ಬರೀ ಉಪ್ಪು.

ತಕ್ಷಣ ಹೇಳಲಿಲ್ಲ. ಸೂಪು ಸಿಗುತ್ತಿಲ್ಲ ಎಂದು ಸುಳ್ಳು ಹೇಳಿ, ಬೆಳಿಗ್ಗೆ ಬೇಗ ಎದ್ದು ಹೆಸರುಬೇಳೆ ಬೇಯಿಸಿಟ್ಟು ಹೋದೆ. ನಾಲ್ಕು ದಿನ ಹಾಗೇ ನಡೆಯಿತು. ಅಪ್ಪನ ಎದುರು ಕೂತರೆ ಎದ್ದು ಹೋಗಬೇಕೆನ್ನಿಸುತ್ತಿತ್ತು, ಎದ್ದು ಹೋದರೆ ವಾಪಸು ಬರಬೇಕೆನ್ನಿಸುತ್ತಿತ್ತು. ಭಾನುವಾರ ಪೊಟ್ಟಣವನ್ನು ಅವನ ಕೈಗಿಟ್ಟು ಎಲ್ಲ ಹೇಳಿದೆ. ಟ್ರಂಕು ಹುಡುಕಿದ್ದನ್ನೂ ಬಿಡಲಿಲ್ಲ.

ಅಪ್ಪ ಪೊಟ್ಟಣವನ್ನು ಕಣ್ಣಿನ ಹತ್ತಿರ ಹಿಡಿದು, ಅಕ್ಷರ ಕಾಣದೆ, ಕೆಳಗಿಟ್ಟ.

"ನೀ ಬೇಕಂತ ಮಾಡಿಲ್ಲ, ಅದು ನನಗ ಗೊತ್ತೈತಿ. ಆದ್ರ ನನಗ ಹೇಳಿದ್ರ ಸಾಲೂದಿಲ್ಲ. ಡಾಕ್ಟರ್ ಮುಂದ ಹೇಳು."

ಮರುದಿನ ರಜೆ ಹಾಕಿ ಕರೆದುಕೊಂಡು ಹೋದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೋಪಿ ಇಟ್ಟುಕೊಂಡು ಬಂದಿದ್ದ. ನಾನು ನಿಂತುಕೊಂಡೇ ಹೇಳಿದೆ. ಡಾಕ್ಟರು ಕನ್ನಡಕ ಹಣೆಗೇರಿಸಿ ಪೊಟ್ಟಣ ಓದಿದರು, ತಿರುಗಿಸಿ ಚಿತ್ರ ನೋಡಿದರು, ಮತ್ತೆ ಓದಿದರು. ಮೈ ಸರಿಯಿಲ್ಲದವರಿಗೆ ಇದನ್ನೇ ಕುಡಿಯಿರಿ ಎಂದು ತಾವೂ ಹೇಳಿದ್ದುಂಟು ಎಂದರು. ಆಮೇಲೆ ಅಪ್ಪನಿಗೆ, "ತಪ್ಪಾಯ್ತು ಮೇಷ್ಟ್ರೇ" ಎಂದರು. ಅಪ್ಪ ಒಮ್ಮೆ ತಲೆಯಾಡಿಸಿ, ಕಾಲು ನೋಡಲಿ ಎಂದು ಧೋತರ ಮೇಲೆತ್ತಿ ಕೂತ.

ಒಂದು ತಿಂಗಳೊಳಗೆ ಬಾವು ಇಳಿಯಿತು. ಅಪ್ಪ ಸಂಜೆ ಹೊತ್ತು ಹತ್ತಿರದ ಕಾಲೇಜಿನವರೆಗೆ ನಡೆದು ಬರತೊಡಗಿದ, ಇನ್ನೂ ಆರು ವರ್ಷ ಬದುಕಿದ. ನನಗೆ ಮಾತ್ರ ನೆಮ್ಮದಿ ತಿರುಗಿ ಬರಲಿಲ್ಲ. ಮರುವರ್ಷ ನಮ್ಮ ಪ್ರೆಸ್ಸಿಗೇ ಬೇರೊಂದು ಸೂಪಿನ ಡಬ್ಬಿ ಬಂತು. ಹಿಂಬದಿಯ ಅಕ್ಷರ ಒಂದಿಷ್ಟು ದೊಡ್ಡದು ಮಾಡಬಹುದೇ ಎಂದು ಕೇಳಿದೆ. ಅಳತೆ ಗಿರಾಕಿಯವರು ಕೊಟ್ಟದ್ದು, ನಮ್ಮ ಕೈಯಲ್ಲಿಲ್ಲ ಎಂದರು ಸೂಪರ್‌ವೈಸರು. ಉಪ್ಪನ್ನು ಅದರ ಜಾಗದಲ್ಲೇ ಟೈಪು ಮಾಡಿ ಹಾಳೆ ಕಳಿಸಿದೆ. ಅದು ಎಷ್ಟು ಸಣ್ಣದಾಗಿ ಅಚ್ಚಾಗುತ್ತದೆ ಎಂಬುದು ನನಗೆ ಗೊತ್ತಿತ್ತು.