ಮಾತಿನಮ್ಮ ತನ್ನ ಅಕ್ಕನಿಗೆ ಅಂಗಿ ತೊಡಿಸಿದ್ದು

ಆಸ್ಪತ್ರೆಯ ಶವಾಗಾರದಲ್ಲಿ ಹೆಣಗಳನ್ನು ತೊಳೆದು ಬಟ್ಟೆ ತೊಡಿಸುವವಳನ್ನು ನಾವೆಲ್ಲ ಮಾತಿನಮ್ಮ ಎನ್ನುತ್ತಿದ್ದೆವು. ಬದುಕಿರುವವರ ಜೊತೆ ಅವಳ ಮಾತು ಅಷ್ಟಕ್ಕಷ್ಟೆ. ಹರಟೆಯೆಲ್ಲ ಸತ್ತವರ ಜೊತೆ. ಬಿಸಿನೀರಿನಲ್ಲಿ ಕೈ ಅದ್ದಿ, ಸೆಟೆದ ಮೊಣಕೈ ನೀವುತ್ತ, "ಕೈ ಕೊಡಪ್ಪಾ, ಅಂಗಿ ಹಾಕ್ತೀನಿ. ಅವಸರ ಏನಿಲ್ಲ," ಎನ್ನುವಳು. ಕೈ ಸಡಿಲವಾಗುತ್ತಿತ್ತು! ಬೈದರೆ ಬಗ್ಗುವುದಿಲ್ಲವಂತೆ. "ಬಿಸಿನೀರಲ್ಲಿ ನೀವೋದಕ್ಕೆ ಕಣೇ ಕೈ ಬಗ್ಗೋದು, ನಿನ್ನ ಮಾತಿಗಲ್ಲ," ಎಂದು ನಾನು ರೇಗಿಸುತ್ತಿದ್ದೆ. ನಾನು ಅಲ್ಲಿ ನೆಲ ಒರೆಸುವವಳು. ದೆವ್ವ ಭೂತ ಅಂತ ಹೆದರಿ ಕೂತರೆ ನನ್ನ ಹೊಟ್ಟೆಪಾಡು ನಡೆಯುವುದು ಹೇಗೆ?

ಅವಳನ್ನು ಈ ಕೆಲಸಕ್ಕೆ ತಂದದ್ದು ಅವಳ ಅಕ್ಕನ ಮೇಲಿನ ಸಿಟ್ಟು. ಇವಳು ಮನೆಯವರ ಮಾತು ಮೀರಿ ಮದುವೆಯಾದಳೆಂದು, ತಾಯಿ ಸತ್ತಾಗ ಅಕ್ಕ ಇವಳಿಗೆ ಸುದ್ದಿಯನ್ನೇ ಮುಟ್ಟಿಸಲಿಲ್ಲ. ಮಣ್ಣು ಮಾಡಿದ ಮೇಲೆ ತಿಳಿಯಿತು, ಅದೂ ಹಾಲು ಮಾರುವವನ ಬಾಯಿಂದ. "ಅಮ್ಮನ ಮುಖಾನೂ ನೋಡೋಕೆ ಬಿಡ್ಲಿಲ್ಲ. ಏಳೇಳು ಜನ್ಮಕ್ಕೂ ಕ್ಷಮಿಸಲ್ಲ ಅವಳನ್ನ," ಎನ್ನುತ್ತಿದ್ದಳು. ಬೇರೆಯವರಾದರೂ ತಮ್ಮವರ ಮುಖ ಚೆನ್ನಾಗಿ ನೋಡಲಿ ಅಂತಲೇ ಈ ಕೆಲಸ ಹಿಡಿದಳಂತೆ. ನಾನಾಗಿದ್ದರೆ ಅವತ್ತೇ ಹೋಗಿ ಜುಟ್ಟು ಹಿಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಹೊದಿಕೆ ಸರಿಸಿದವಳು, "ನಮ್ಮಕ್ಕ ಕಣೇ," ಎಂದಳು. ಮೇಜಿನ ಮೇಲೆ ಅದೇ ಅಕ್ಕ. ಕಣ್ಣು ಅರೆತೆರೆದಿತ್ತು, ಎಡಗೈ ಎದೆಯ ಮೇಲೆ ಮುಷ್ಟಿ ಕಟ್ಟಿ ಸೆಟೆದಿತ್ತು. ಹೊರಗಿನ ಬೆಂಚಿನ ಮೇಲೆ ಅಕ್ಕನ ಮಗಳು. ತನಗೊಬ್ಬ ಚಿಕ್ಕಮ್ಮ ಇದ್ದಾಳೆಂದೂ ತಿಳಿಯದ ಹುಡುಗಿ. ತಾಯಿಗೆ ತೊಡಿಸಲು ಉದ್ದ ತೋಳಿನ ಅಂಗಿ ಕೊಟ್ಟು ಅಳುತ್ತ ಕೂತಿದ್ದಳು.

"ಬಿಡೇ, ಬೇರೆಯವರನ್ನ ಕರೀತೀನಿ," ಎಂದೆ.

"ಬೇರೆ ಯಾರಿದ್ದಾರೆ?" ಎಂದು ಅಂಗಿ ಕೈಗೆತ್ತಿಕೊಂಡಳು.

ಅವತ್ತು ಅವಳ ಬಾಯಿಂದ ಮಾತಿಲ್ಲ. ಎಷ್ಟು ನೀವಿದರೂ ಆ ಎಡಗೈ ಬಗ್ಗಲಿಲ್ಲ. ಕೊನೆಗೆ, "ಸತ್ತ ಮೇಲೂ ಹಟ ಬಿಡಲ್ವೇನೇ ನೀನು!" ಎಂದು ಜಗ್ಗಿದಳು. ಕೈ ಇನ್ನೂ ಬಿಗಿಯಾಯಿತು. ಕಣ್ಣಾರೆ ಕಂಡೆ, ಮುಷ್ಟಿ ತಾನಾಗಿಯೇ ಎದೆಗೆ ಒತ್ತಿಕೊಂಡಿತು. ನೆಲ ಒರೆಸುವ ಬಟ್ಟೆ ಅಲ್ಲೇ ಬಿಟ್ಟು ಬಾಗಿಲಿಗೆ ಓಡಿದೆ.

"ಅಂಗೀನ ಬೆನ್ನಿನ ಕಡೆ ಕತ್ತರಿಸಿ ಮೇಲೆ ಹೊದಿಸ್ಬಿಡೇ, ಯಾರು ನೋಡ್ತಾರೆ!" ಎಂದು ಬಾಗಿಲ ಹತ್ತಿರದಿಂದಲೇ ಕೂಗಿದೆ.

ಅವಳು ಕತ್ತರಿ ಎತ್ತಿಕೊಂಡಳು. ಹೊರಗೆ ಹುಡುಗಿ ಬಿಕ್ಕುವುದು ಕೇಳುತ್ತಿತ್ತು. ಕತ್ತರಿ ಕೆಳಗಿಟ್ಟು, ಮತ್ತೆ ಬಿಸಿನೀರಿಗೆ ಕೈ ಅದ್ದಿದಳು.

"ಚಳಿ ಆಗ್ತಿದೆಯೇನಮ್ಮಾ? ಕೈ ಕೊಡು. ಅವಸರ ಏನಿಲ್ಲ." ಯಾರೋ ಗುರುತಿಲ್ಲದವರಿಗೆ ಹೇಳುವಂತೆ ಹೇಳಿದಳು. ಹೇಳುತ್ತಲೇ ಇದ್ದಳು. ಯಾವಾಗಲೋ "ಕೈ ಕೊಡು, ಅಕ್ಕಾ" ಎನ್ನತೊಡಗಿದ್ದಳು, ಕಣ್ಣಲ್ಲಿ ಧಾರಾಕಾರ ನೀರು.

ಮುಷ್ಟಿ ಬಿಚ್ಚಿತು. ಬಿಚ್ಚಿದ ಬೆರಳುಗಳು ಅವಳ ಮಣಿಕಟ್ಟನ್ನು ಹಿಡಿದುಕೊಂಡವು.

"ಅಯ್ಯೋ, ಬಿಡಿಸ್ಕೊಳ್ಳೇ!" ಎಂದು ಚೀರಿದೆ.

"ಹಿಡ್ಕೊಳ್ಳಲಿ ಬಿಡು. ಆ ಹುಡುಗೀನ ಒಳಗೆ ಕರಿ."

ಬಟ್ಟೆ ತೊಡಿಸಿ ಮುಗಿಯುವವರೆಗೆ ಮನೆಯವರನ್ನು ಒಳಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಕರೆದೆ. ಬಂದ ಹುಡುಗಿ ಆ ಹಿಡಿತ ನೋಡಿ ಬಿಳಿಚಿಕೊಂಡಳು.

"ನೀವ್ಯಾರು?"

"ನಿನ್ನ ಚಿಕ್ಕಮ್ಮ. ಹೆದರ್ಕೋಬೇಡ ಕಂದಾ. ಮೊದಲು ನಿನ್ನಮ್ಮನ ಮುಖ ಕಣ್ತುಂಬ ನೋಡು. ಆಮೇಲೆ ಅಂಗಿ ನೀನೇ ಹಾಕು, ನಾನು ಹೇಳಿಕೊಡ್ತೀನಿ."

ಹುಡುಗಿ ತುಂಬ ಹೊತ್ತು ನೋಡಿದಳು. ಆಮೇಲೆ ಅಂಗಿಯ ತೋಳು ಹಿಡಿದು ಹತ್ತಿರ ಬಂದಳು. ಆಗ ಅಕ್ಕನ ಬೆರಳುಗಳು ಚಿಕ್ಕಮ್ಮನ ಕೈ ಬಿಟ್ಟವು.