ಜೇಬಿನಿಂದ ಬಿದ್ದುಹೋದ ಪದ

ಎಪ್ಪತ್ತಾರರ ದರ್ಜಿ ಒಂದೇ ಕೋಟಿಗೆ ಎರಡೂ ಎಡತೋಳುಗಳನ್ನೇ ಹೊಲಿದ ದಿನ ಮಗಳು ಅವನ ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದಳು.

"ಡಾಕ್ಟ್ರು ನಿನ್ ತಲೆ ಸರಿಯಿದೆ ಅಂದ್ರೆ ಕೊಡ್ತೀನಪ್ಪಾ. ಇಲ್ದಿದ್ರೆ ಅಂಗಡಿ ಮುಚ್ಚೋದೇ."

"ತಪ್ಪಿದ್ದು ಒಂದು ತೋಳು ಕಣೇ. ಇನ್ನೊಂದು ಸರಿಯಾಗೇ ಇತ್ತಲ್ಲ!"

ಐವತ್ತೆರಡು ವರ್ಷ ಆ ಕತ್ತರಿ ಹಿಡಿದು ಅವನ ಹೆಬ್ಬೆರಳು ಅದರ ಹಿಡಿಯಂತೆಯೇ ಬಾಗಿತ್ತು. ಈಗ ಬರಿಗೈ ಎಲ್ಲಿರಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು.

ಈಚೆಗೆ ಹೆಸರುಗಳು ಅವನಿಂದ ತಪ್ಪಿಸಿಕೊಳ್ಳುತ್ತಿದ್ದುದು ನಿಜ. ಆದರೆ ಅಳತೆಗಳು ಎಲ್ಲಿಗೂ ಹೋಗಿರಲಿಲ್ಲ. ಸ್ವಂತ ಅಳಿಯನನ್ನೂ "ಬನ್ನಿ, ಸೊಂಟ ಮೂವತ್ತೆರಡು" ಎಂದೇ ಕರೆಯುತ್ತಿದ್ದ. ಆ ಸೊಂಟ ಮೂವತ್ತೆಂಟು ದಾಟಿ ವರ್ಷಗಳಾಗಿದ್ದರಿಂದ ಅಳಿಯ ಹಿಗ್ಗಿ ಓಗೊಡುತ್ತಿದ್ದ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೆನಪಿಟ್ಟುಕೊಳ್ಳಲು ಐದು ಪದ ಹೇಳಿದರು: ನಿಂಬೆಹಣ್ಣು, ಏಣಿ, ಕನ್ನಡಿ, ಆನೆ, ದೋಣಿ. ಹತ್ತು ನಿಮಿಷ ಬೇರೇನೇನೋ ಮಾತಾಡಿ, "ಈಗ ಹೇಳಿ" ಎಂದರು. ಮಗಳು ಉಗುರು ಕಚ್ಚಿದಳು. ದರ್ಜಿ ಡಾಕ್ಟರ ಬಿಳಿ ಕೋಟನ್ನು ದಿಟ್ಟಿಸಿದ.

"ಮೇಲ್ಜೇಬಲ್ಲಿ ನಿಂಬೆಹಣ್ಣು. ಕಾಲರಿಗೆ ಏಣಿ ಒರಗಿಸಿದೀನಿ. ಬಲಜೇಬಲ್ಲಿ ಕನ್ನಡಿ. ಆನೆ ಯಾವ ಜೇಬಿಗೂ ಹಿಡೀಲಿಲ್ಲ ತಾಯಿ, ನಿಮ್ಮ ಬೆನ್ನ ಮೇಲೆ ಕೂರಿಸಿದೀನಿ. ಬೇಜಾರು ಮಾಡ್ಕೋಬೇಡಿ."

"ಐದನೇದು?"

ದರ್ಜಿ ಬಗ್ಗಿ ಕೋಟಿನ ಎಡಗಡೆ ನೋಡಿದ. "ಎಡಜೇಬಲ್ಲಿಟ್ಟಿದ್ದೆ. ಬಿದ್ದೋಗಿದೆ."

"ಅಪ್ಪಾ, ಇಲ್ಲೂ ತಮಾಷೆನಾ!"

"ತಮಾಷೆಯಲ್ವೇ. ಆ ಜೇಬಿನ ತಳದ ಹೊಲಿಗೆ ಬಿಟ್ಟಿದೆ. ಪೆನ್ನಿನ ಮೂತಿ ಹೊರಗೆ ಇಣುಕ್ತಿದೆ, ನೋಡು."

ಡಾಕ್ಟರಮ್ಮ ಎಡಜೇಬಿಗೆ ಕೈ ಹಾಕಿದರು. ಎರಡು ಬೆರಳು ಕೆಳಗಿನಿಂದ ಹೊರಬಂದವು. ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ವಯಸ್ಸಾದ ಹಾಗೆ ಮಿದುಳಿನ ಕೆಲವು ಹಳೇ ದಾರಿ ಸವೆಯುತ್ತಮ್ಮ. ಆಗ ಅದು ಸುತ್ತುದಾರಿ ಹುಡುಕ್ಕೊಳ್ಳುತ್ತೆ. ನಿಮ್ಮಪ್ಪಂದು ಜೇಬುಗಳ ಮೇಲೆ ಹಾದು ಹೋಗುತ್ತೆ, ಅಷ್ಟೇ. ಕೆಲಸ ಬಿಡಿಸ್ಬೇಡಿ, ದಾರಿ ಇರೋದೇ ಅದರೊಳಗೆ."

"ಮತ್ತೆ ಆ ತೋಳು?"

"ಕತ್ತರಿಸೋ ಮುಂಚೆ ಎಡ, ಬಲ ಅಂತ ಬಳಪದಲ್ಲಿ ಬರ್ಕೊಳ್ಲಿ. ನಾನೂ ಬರ್ಕೊಂಡೇ ಆಪರೇಷನ್ ಮಾಡೋದು." ಹೇಳುತ್ತಲೇ ಕೋಟು ಬಿಚ್ಚಿ ಅವನ ಕೈಗಿಟ್ಟರು.

ಸಂಜೆ ಮಗಳು ಬೀರು ತೆರೆದು ಕತ್ತರಿ ಕೊಟ್ಟಳು. ದರ್ಜಿ ಜೇಬಿನ ತಳ ಹೊಲಿದು, ಗಂಟು ಹಾಕಿ, ದಾರಕ್ಕೆ ಕತ್ತರಿ ಇಟ್ಟ. ಕಚಕ್ ಎಂದಿತು. ಅವನು ಕುರ್ಚಿಯಿಂದ ಚಂಗನೆ ಎದ್ದ.

"ದೋಣಿ!"

"ಯಾವ ದೋಣಿನಪ್ಪಾ?" ಎಂದಳು ಮಗಳು.