ವಲ್ಲಿಯ ಕೆಳಗಿನ ಕೈ

ನಾವು ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ ಜಮಖಂಡಿಯ ವಕೀಲರಿಗೆ ಹೊಲದ ಬದುವಿನ ದಾವೆಗಳಿಗೇನೂ ಬರವಿರಲಿಲ್ಲ. ಅಣ್ಣತಮ್ಮಂದಿರು ಇರುವವರೆಗೆ ಅವು ಇದ್ದೇ ಇರುತ್ತಿದ್ದವು. ನಾನು ಮಾತ್ರ ಪೇಟೆಯ ದಾವೆಗಳನ್ನು ಆರಿಸಿಕೊಂಡೆ. ಬೀಳಗಿಯ ಕಡೆಯ ಹತ್ತಿ, ಮುಧೋಳದ ಬೆಲ್ಲ, ರಬಕವಿ-ಬನಹಟ್ಟಿಯ ನೂಲು, ಇವುಗಳ ವ್ಯವಹಾರದಲ್ಲಿ ಒಬ್ಬ ಮಾತು ತಪ್ಪಿದರೆ ಅವನ ಹಿಂದೆ ನಾಲ್ಕು ಊರಿನವರು ತಪ್ಪುತ್ತಿದ್ದರು. ಒಂದು ದಾವೆಯೊಳಗೆ ಇನ್ನೊಂದು ಸಿಕ್ಕಿಕೊಂಡಿರುತ್ತಿತ್ತು. ಬೇರೆಯವರು ತಲೆ ಕೆರೆದುಕೊಳ್ಳುವ ಕಡತ ನನಗೆ ಹಬ್ಬದೂಟ. ಪಾಟಿ ಸವಾಲಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬಾರ್ ರೂಮಿನಲ್ಲಿ ಯಾರಾದರೂ ಹೇಳಿದರೆ ಬೇಡ ಬೇಡ ಎನ್ನುತ್ತ ಎರಡು ಕಿವಿಯಿಂದಲೂ ಕೇಳಿಸಿಕೊಳ್ಳುತ್ತಿದ್ದೆ.

ಈಗ ಹೇಳುವುದು ನಾನು ಗೆದ್ದ ದಾವೆಯ ಮಾತು. ಸೋತ ದಾವೆಗಳು ನನಗೆ ನೆನಪಿಲ್ಲ. ಇದೊಂದು ಗೆಲುವು ಮರೆಯಲು ಬಿಡುತ್ತಿಲ್ಲ.

ಆಗ ನಮ್ಮ ಪೇಟೆಯಲ್ಲಿ ದೊಡ್ಡ ವ್ಯವಹಾರಗಳು ಬಾಯಿಂದ ಆಗುತ್ತಿರಲಿಲ್ಲ. ದಲಾಲ ಮಾರುವವನ ಎದುರಿಗೊಮ್ಮೆ, ಕೊಳ್ಳುವವನ ಎದುರಿಗೊಮ್ಮೆ ಕುಳಿತು, ಹೆಗಲ ಮೇಲೆ ಹೊದೆಯುವ ವಲ್ಲಿಯನ್ನು ತಮ್ಮಿಬ್ಬರ ಕೈಗಳ ಮೇಲೆ ಹಾಸುತ್ತಿದ್ದ. ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಧಾರಣೆ ಹೇಳುವುದು, ಬೇಡವೆನ್ನುವುದು, ಇನ್ನಷ್ಟು ಕೇಳುವುದು ನಡೆಯುತ್ತಿತ್ತು. ಕೊನೆಗೆ ಹೆಬ್ಬೆರಳನ್ನು ಒತ್ತಿದರೆ ಮಾತು ಮುಗಿಯಿತು. ಸುತ್ತ ನಿಂತವರಿಗೆ ಕಾಣುವುದು ವಲ್ಲಿಯ ಸಣ್ಣ ಅಲುಗಾಟ ಮಾತ್ರ. ದಲಾಲರಿಗೆ ಇದರಲ್ಲಿ ಒಂದು ಕಟ್ಟುನಿಟ್ಟು ಇತ್ತು. ಒಪ್ಪಿದ ಧಾರಣೆಯೊಂದನ್ನು ಬಿಟ್ಟು ಕೈ ಹೇಳಿದ ಬೇರೇನನ್ನೂ ಅವರು ಹೊರಗೆ ಆಡುತ್ತಿರಲಿಲ್ಲ. ಅಂಜಿ ಬೆವೆತ ಕೈ, ಆಸೆಯಿಂದ ಬಿಗಿದ ಕೈ, ಎಲ್ಲವೂ ಅವರಿಗೆ ಗೊತ್ತಾಗುತ್ತಿತ್ತು, ಅಲ್ಲೇ ಉಳಿಯುತ್ತಿತ್ತು.

ನನ್ನ ಕಕ್ಷಿಗಾರಳು ಹತ್ತಿ ಗಿರಣಿಯ ಸಾವಕಾರರ ಹೆಂಡತಿ. ತೇರದಾಳದ ಜೈನರ ಮಗಳು. ಗಂಡ ತೀರಿಕೊಂಡು ಮೂರು ತಿಂಗಳಾಗುವಷ್ಟರಲ್ಲಿ ರಬಕವಿಯ ವ್ಯಾಪಾರಿಯೊಬ್ಬ ದಾವೆ ಹೂಡಿದ್ದ. ಆ ಹಂಗಾಮಿನ ಅರಳೆಯನ್ನೆಲ್ಲ ತನಗೇ ಕೊಡುವುದಾಗಿ ಸಾವಕಾರರು ಸಾಯುವ ಹತ್ತು ದಿನ ಮೊದಲು ಒಪ್ಪಿದ್ದರು, ಅದನ್ನು ನಂಬಿ ತಾನು ಸೊಲ್ಲಾಪುರದ ಗಿರಣಿಗಳಿಗೆ ಮಾತು ಕೊಟ್ಟಿದ್ದೆ ಎಂಬುದು ಅವನ ವಾದ. ಕಾಗದವಿಲ್ಲ. ಇದ್ದ ಸಾಕ್ಷಿ ಒಬ್ಬನೇ, ವ್ಯವಹಾರ ಕೂಡಿಸಿದ ದಲಾಲ.

ಗಿರಣಿಯನ್ನು ನೋಡಲು ನಾನು ಒಂದು ಮಧ್ಯಾಹ್ನ ಹೋದೆ. ಯಂತ್ರ ನಿಂತು ತಿಂಗಳುಗಳಾಗಿದ್ದವು. ಆದರೂ ಅರಳೆಯ ನವಿರು ಗಾಳಿಯಲ್ಲಿ ತೇಲುತ್ತಲೇ ಇತ್ತು. ಬಾಗಿಲು ಹಾಕಿದ ಕೋಣೆಯಲ್ಲಿ ಅದನ್ನು ಎಬ್ಬಿಸುವ ಗಾಳಿ ಎಲ್ಲಿಂದ ಬಂತೋ ನನಗೆ ತಿಳಿಯಲಿಲ್ಲ. ಯಂತ್ರದ ಮರದ ಚೌಕಟ್ಟಿನ ಮೇಲೆ ದಸರೆಯ ಖಂಡೇ ಪೂಜೆಯ ದಿನ ಸಾವಕಾರರು ಒತ್ತಿದ ಕುಂಕುಮದ ಕೈ ಗುರುತು ಇತ್ತು. ನಾಲ್ಕು ಬೆರಳು ಚೊಕ್ಕಟವಾಗಿ ಮೂಡಿದ್ದವು. ಕಿರುಬೆರಳಿನ ಜಾಗದಲ್ಲಿ ಮಾತ್ರ ಗೆರೆಯ ಮೇಲೆ ಗೆರೆ ಬಿದ್ದು ಕಲಸಿಹೋಗಿತ್ತು.

ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಆಕೆ ಸೆರಗು ಎಳೆದುಕೊಂಡು ಮೆಲ್ಲಗೆ ಹೇಳಿದಳು. ಪೂಜೆಯ ಹಿಂದಿನ ವಾರ ಗಂಡನಿಗೆ ಸಣ್ಣದಾಗಿ ಲಕ್ವಾ ಹೊಡೆದಿತ್ತು. ಉಳಿದದ್ದೆಲ್ಲ ಸರಿಹೋಯಿತು, ಬಲಗೈಯ ಕಿರುಬೆರಳು ಮಾತ್ರ ಸತ್ತಂತೆ ತಣ್ಣಗಾಗಿ, ಆಗಾಗ ತಾನಾಗಿಯೇ ನಡುಗುತ್ತಿತ್ತು. ಕೈಯಲ್ಲೇ ವ್ಯವಹಾರ ಮಾಡುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ನಡುಗುವ ಕೈಯನ್ನು ವಲ್ಲಿಯ ಕೆಳಗೆ ಇಟ್ಟರೆ ಇವನು ಅಂಜಿದ್ದಾನೆ ಎಂದು ಎದುರಿನವನು ತಿಳಿಯುತ್ತಾನೆ. ಆ ಮೇಲೆ ಸಾವಕಾರರು ಬಲಗೈಯನ್ನು ಧೋತರದ ಮರೆಯಲ್ಲೇ ಇಟ್ಟುಕೊಂಡರಂತೆ, ಊಟಕ್ಕೂ ಗೋಡೆಯ ಕಡೆ ಮುಖ ಮಾಡಿ ಕೂತರಂತೆ. ಡಾಕ್ಟರನಿಗೂ ತೋರಿಸಲಿಲ್ಲ.

"ಅದು ನನಗೊಬ್ಬಾಕಿಗೇ ಗೊತ್ತಿತ್ರಿ," ಎಂದಳು. "ಆ ಮ್ಯಾಲ ಅವ್ರು ಯಾರ ಕೈಯಾಗೂ ಕೈ ಕೊಟ್ಟಿಲ್ಲ."

ನನಗೆ ಅಲ್ಲೇ ದಾವೆ ಗೆದ್ದಷ್ಟು ಸಂತೋಷವಾಯಿತು. ದಲಾಲನನ್ನು ಕಟಕಟೆಯಲ್ಲಿ ನಿಲ್ಲಿಸಿ, ಸಾವಕಾರರು ಹೇಗೆ ಕೈ ಕೊಟ್ಟರು ತೋರಿಸು ಎಂದು ನನ್ನ ಕೈಯನ್ನೇ ಮುಂದೆ ಮಾಡುವುದು. ಸುಳ್ಳು ಹೇಳುವವನು ಗಟ್ಟಿ ಕೈಯನ್ನೇ ತೋರಿಸುತ್ತಾನೆ. ಮರುದಿನ ಈಕೆಯನ್ನು ಕಟಕಟೆಗೆ ತಂದು ಕಿರುಬೆರಳಿನ ಮಾತು ಹೇಳಿಸಿದರೆ ಅವನ ಸಾಕ್ಷಿ ಮಣ್ಣುಪಾಲು. ಮನೆಗೆ ಬಂದು ಎರಡು ಸಲ ಚಹಾ ಕುಡಿದೆ.

ದಲಾಲ ಸಾವಳಗಿಯ ಕಡೆಯವನು, ಕುರುಬರವನು. ಕುರಿ ಸಂತೆಯಲ್ಲಿ ಬೆರಳು ಹಿಡಿಯಲು ಕಲಿತು ಹತ್ತಿ ಪೇಟೆಗೆ ಬಂದು ಮೂವತ್ತು ವರ್ಷವಾಗಿತ್ತು. ಹಣೆಯ ಮೇಲೆ ಬೀರಪ್ಪನ ಅರಿಸಿನದ ಭಂಡಾರ, ಮಾತು ಬಹಳ ಕಡಿಮೆ. ಕಟಕಟೆ ಹತ್ತುವ ಮೊದಲು ವರಾಂಡದಲ್ಲಿ ನನ್ನ ಹತ್ತಿರ ಬಂದು, ಎದುರು ಪಕ್ಷದ ಸಾಕ್ಷಿ ಹಾಗೆ ಬರಬಾರದೆಂಬುದು ಗೊತ್ತಿಲ್ಲದೆ, ತನ್ನ ಸಂಕಟ ಹೇಳಿಕೊಂಡಿದ್ದ. ಯಾರು ಗೆದ್ದರೂ ತನಗೆ ಏನೂ ಇಲ್ಲ. ಆದರೆ ಆಗದ ವ್ಯವಹಾರ ಆಯಿತೆಂದು ಹೇಳಿದವನು ಎಂದು ಕೋರ್ಟು ಬರೆದರೆ, ಮುಂದೆ ತನ್ನ ವಲ್ಲಿಯ ಕೆಳಗೆ ಯಾವನೂ ಕೈ ಇಡುವುದಿಲ್ಲ. "ಈ ವಲ್ಲಿ ಬಿಟ್ರ ನನ್ನ ಹತ್ತರ ಏನೂ ಇಲ್ರಿ," ಎಂದ. ಅದನ್ನು ಮೊದಲೇ ಯೋಚಿಸಬೇಕಿತ್ತು ಎಂದು ನಾನು ಗದರಿ ಕಳಿಸಿದೆ.

ಆ ಮಧ್ಯಾಹ್ನ ಬಿಸಿಲು ಕಾಯುತ್ತಿತ್ತು. ಕೋರ್ಟಿನ ಹೆಂಚಿನ ಕೆಳಗೆ ಕೂತವರೆಲ್ಲ ತೂಕಡಿಸುತ್ತಿದ್ದರು. ನಾನು ನಾಟಕದ ರಾಜನ ಹಾಗೆ ಕಟಕಟೆಯ ಹತ್ತಿರ ನಡೆದು ಬಲಗೈ ಚಾಚಿದೆ. ನ್ಯಾಯಾಧೀಶರು ಪುಣೆಯ ಕಡೆಯವರು, ಈ ಪದ್ಧತಿಯನ್ನು ನೋಡಿದವರಲ್ಲ. ಅವರಿಗೂ ಕುತೂಹಲವಾಗಿ ಮುಂದೆ ಬಾಗಿದರು. ದಲಾಲ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ವಲ್ಲಿಯನ್ನು ಕೊಡವಿ ಎರಡೂ ಕೈಗಳ ಮೇಲೆ ಹಾಸಿದ.

ಕೆಳಗೆ ಬಂದ ಕೈ ಮೊದಲು ಅವನದೇ ಆಗಿತ್ತು. ದಪ್ಪ, ಒರಟು, ಬಿಸಿ. ಅವನು ಒಂದೆರಡು ಬೆರಳು ಹಿಡಿದ, ಬಿಟ್ಟ. ಆಮೇಲೆ ಆ ಕೈ ಬದಲಾಯಿತು. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬೆರಳುಗಳು ಸಡಿಲಾದವು, ಅಂಗೈ ಮೆತ್ತಗಾಯಿತು, ಬಹಳ ದಿನ ನೆರಳಲ್ಲಿ ಕೂತವನ ಕೈಯಂತಾಯಿತು. ನನ್ನ ಅಂಗೈಯ ಅಂಚಿಗೆ ಒಂದು ಕಿರುಬೆರಳು ಬಂದು ಮಲಗಿತು. ಅದು ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಡುಗಿತು. ನಿಂತಿತು. ಮತ್ತೆ ನಡುಗಿತು. ಉಳಿದ ನಾಲ್ಕು ಬೆರಳುಗಳು ಅದನ್ನು ಮುಚ್ಚಿಡಲು ಹೆಣಗುತ್ತಿದ್ದವು, ನಾಚಿಕೆಯಿಂದ. ಕೊನೆಗೆ ನನ್ನ ಹೆಬ್ಬೆರಳನ್ನು ಯಾರೋ ಒತ್ತಿದರು.

ದಲಾಲ ನನ್ನ ಎದುರಿಗೇ ನಿಂತಿದ್ದ, ಹಣೆಯ ಮೇಲೆ ಬೆವರು ಭಂಡಾರವನ್ನು ತೋಯಿಸಿ ಇಳಿಯುತ್ತಿತ್ತು. ಅದು ಅವನ ಕೈಯೇ ಎಂದು ನನ್ನ ಬುದ್ಧಿಗೆ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ನಾನು ಸತ್ತವನ ಕೈ ಹಿಡಿದಿದ್ದೆ.

ನ್ಯಾಯಾಧೀಶರು ಕೇಳಿದರು, ಏನು ತೋರಿಸಿದೆ, ಬಾಯಲ್ಲಿ ಹೇಳು. ಅವನು ಒಂದೇ ಒಂದು ಮಾತು, ಕಿರುಬೆರಳು ನಡುಗುತ್ತಿತ್ತು ಎಂದು ಹೇಳಿದ್ದರೆ ಸಾಕಿತ್ತು. ಅದು ಬರಹಕ್ಕೆ ಇಳಿಯುತ್ತಿತ್ತು, ಹಿಂದಿನ ಬೆಂಚಿನಲ್ಲಿ ಕೂತಿದ್ದ ಆಕೆಯನ್ನು ಎದುರು ವಕೀಲರು ಕಟಕಟೆಗೆ ಕರೆಸಿ ಕೇಳದೆ ಬಿಡುತ್ತಿರಲಿಲ್ಲ. ಅವನು ವಲ್ಲಿ ಮಡಚಿ ಹೆಗಲಿಗೆ ಹಾಕಿಕೊಂಡ.

"ವಲ್ಲಿ ಬುಡಕಿಂದು ಹೊರಗ ಹೇಳೂದಲ್ರಿ ಸಾಹೇಬ್ರ. ವಕೀಲರ ಕೈಯಾಗ ಕೊಟ್ಟೇನಿ. ಅವ್ರು ಹೇಳ್ಲಿ."

ಕೋರ್ಟು ನನ್ನ ಕಡೆ ತಿರುಗಿತು. ಕಕ್ಷಿಗಾರಳು ನಂಬಿ ಹೇಳಿದ್ದನ್ನು ವಕೀಲ ಹೊರಗೆ ಹಾಕುವಂತಿಲ್ಲ, ಅದು ನಮ್ಮ ಕಟ್ಟುನಿಟ್ಟು. ಸುಮ್ಮನಿದ್ದರೆ ಯಾರೂ ನನ್ನನ್ನು ಬಯ್ಯುತ್ತಿರಲಿಲ್ಲ. ಆದರೆ ನಾನು ಸುಮ್ಮನಿರಲಿಲ್ಲ. ನನಗೆ ವಿಶೇಷವೇನೂ ತಿಳಿಯಲಿಲ್ಲ, ಯಾವ ದಲಾಲನಾದರೂ ಹೀಗೆ ಯಾರ ಕೈಯನ್ನಾದರೂ ಹಿಡಿದು ತೋರಿಸಬಹುದು ಎಂದು ಹೇಳಿದೆ. ಹಿಂದೆ ಯಾರೋ ನಕ್ಕರು. ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ತಪ್ಪು ಮನೆಗೆ ಬಂದವನ ಹಾಗೆ ನನ್ನ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಕೆಳಗೆ ಇಳಿದ.

ಆಕೆಯನ್ನು ಮರುದಿನ ಕಟಕಟೆಗೆ ಕರೆಯಲಿಲ್ಲ. ಅದರ ಅಗತ್ಯ ಬೀಳಲಿಲ್ಲ ಎಂದೆ. ಕೊನೆಯ ವಾದದಲ್ಲಿ, ಈ ಮನುಷ್ಯ ಸಾವಕಾರರ ಕೈಯನ್ನು ಆ ತಿಂಗಳಲ್ಲಿ ಮುಟ್ಟಿಯೇ ಇಲ್ಲ ಎಂದು ಎರಡು ತಾಸು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಅದೇ ನಾಚಿಕೆ. ತೀರ್ಪಿನಲ್ಲಿ ನನ್ನ ಮಾತೇ ಬಂತು. ಸಾಕ್ಷಿ ನಂಬಲರ್ಹನಲ್ಲ, ಆಗದ ವ್ಯವಹಾರವನ್ನು ಆಯಿತೆಂದು ಹೇಳಿದ್ದಾನೆ. ಅದೇ ವ್ಯವಹಾರವನ್ನು ನೆಚ್ಚಿ ಬೇರೆಯವರು ಗಿರಣಿಯ ಮೇಲೆ ಹೂಡಿದ್ದ ದಾವೆಗಳೂ ಬಿದ್ದುಹೋದವು. ಬಾರ್ ರೂಮಿನಲ್ಲಿ ನನ್ನ ಹೆಸರಿನಲ್ಲಿ ಪೇಢೆ ಹಂಚಿದರು.

ತೀರ್ಪಿನ ನಕಲು ಕೊಡಲು ಗಿರಣಿಗೆ ಹೋದಾಗ ಆಕೆ ನನಗೆ ಕೈಮುಗಿದಳು. ಆಮೇಲೆ, ತೀರಿಕೊಳ್ಳುವ ಹತ್ತು ದಿನ ಮೊದಲು ಒಂದು ದಿನ ತಾನು ತವರಿಗೆ, ಬಸದಿಯ ಪೂಜೆಗೆಂದು ಹೋಗಿದ್ದೆ ಎಂದಳು. ಬೆಳಿಗ್ಗೆ ಹೋಗಿ ಸಂಜೆ ಬಂದಿದ್ದಳು. ಅದು ತನಗೆ ನೆನಪಾದದ್ದು ಕೋರ್ಟಿನಲ್ಲಿ ನನ್ನ ಮುಖ ಬಿಳಿಚಿದಾಗ. ನಾನು ಛತ್ರಿ ತೆಗೆದುಕೊಂಡೆ. ಆಕೆ ನನ್ನ ಬಲಗೈಯನ್ನೇ ನೋಡುತ್ತಿದ್ದಳು.

"ಒಂದ ಕೇಳ್ತೀನ್ರಿ, ತಪ್ಪ ತಿಳೀಬ್ಯಾಡ್ರಿ," ಎಂದಳು. "ಅವತ್ತ ಅವ್ರ ಬೆರಳ ಭಾಳ ತಣ್ಣಗಿತ್ತೇನ್ರಿ?"

ಹೌದು ಎಂದೆ. ಅಷ್ಟನ್ನು ಮಾತ್ರ ನಿಜ ಹೇಳಿದೆ.

ದಲಾಲ ಪೇಟೆಗೆ ಬರುವುದನ್ನು ಬಿಡಲಿಲ್ಲ. ಅದೇ ಬೇವಿನ ಮರದ ಕೆಳಗೆ, ಅದೇ ಕಲ್ಲಿನ ಮೇಲೆ, ಮಡಚಿದ ವಲ್ಲಿಯನ್ನು ಮೊಳಕಾಲ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಜನ ನಮಸ್ಕಾರ ಮಾಡಿ ಮುಂದೆ ಹೋಗಿ ಬೇರೆ ದಲಾಲನ ಎದುರು ಕೂಡುತ್ತಿದ್ದರು. ಕೆಲವು ವರ್ಷಗಳಲ್ಲಿ ಎಲ್ಲರೆದುರು ಬೆಲೆ ಕೂಗುವ ಬಹಿರಂಗ ಸವಾಲಿನ ಪದ್ಧತಿ ಬಂದು ಎಲ್ಲರ ವಲ್ಲಿಗಳೂ ಹೆಗಲಿಗೇರಿದವು. ಆದರೆ ಅವನದು ಅದಕ್ಕೆ ಮೊದಲೇ, ನನ್ನಿಂದ ಏರಿತ್ತು. ಕೋರ್ಟಿಗೆ ಹೋಗುವ ನನ್ನ ದಾರಿ ಆ ಮರದ ಮುಂದೇ ಇತ್ತು. ನಾನು ಸುತ್ತುಬಳಸಿ ಹೋಗುವುದನ್ನು ರೂಢಿ ಮಾಡಿಕೊಂಡೆ.

ದಾವೆ ಮುಗಿದ ದಿನಗಳಲ್ಲೇ ನನ್ನ ಅಕ್ಷರ ಕೆಟ್ಟಿತು. ಗುಮಾಸ್ತ ನನ್ನ ಟಿಪ್ಪಣಿ ಓದಲಾರದೆ ಬಾರಿಬಾರಿಗೂ ಕೇಳತೊಡಗಿದ. ಕನ್ನಡಕದ ದೋಷ ಎಂದೆ. ಊಟದ ಹೊತ್ತಿಗೆ ಹೆಂಡತಿಯ ಕಣ್ಣು ತಪ್ಪಿಸಿ ಕೂಡಲು ಕಲಿತೆ. ವಾದ ಮಾಡುವಾಗ ಬಲಗೈಯನ್ನು ಕೋಟಿನ ಕಿಸೆಯಲ್ಲಿ ಇಡುತ್ತಿದ್ದೆ. ಅದು ವಕೀಲ ಸಾಹೇಬರ ಗತ್ತು ಎಂದು ಕಿರಿಯರು ಅದನ್ನೇ ನಕಲು ಮಾಡಿದರು.

ಬಹಿರಂಗ ಸವಾಲು ಇನ್ನೂ ಬಂದಿರದ ಆ ಕಾಲದಲ್ಲೇ ಒಂದು ಗುರುವಾರ ಪೇಟೆ ತುಂಬಿದ್ದಾಗ ನಾನು ನೇರ ದಾರಿಯಲ್ಲೇ ಹೋದೆ. ಬೇವಿನ ಮರದ ಕೆಳಗೆ ನಿಂತೆ. ಅವನು ಎದ್ದು ನಿಲ್ಲಲು ಹೊರಟ, ಬೇಡವೆಂದು ನಾನೇ ಎದುರಿನ ಕಲ್ಲಿನ ಮೇಲೆ ಕೂತೆ. ಅವನನ್ನು ಸುಳ್ಳುಗಾರ ಎಂದ ವಕೀಲ ಅವನ ವಲ್ಲಿಯ ಕೆಳಗೆ ಕೈ ಇಡುವುದನ್ನು ಪೇಟೆ ನೋಡಲಿ ಎಂದಿತ್ತು ನನಗೆ. ಕ್ಷಮೆ ಕೇಳಲು ಅದಕ್ಕಿಂತ ಬೇರೆ ಭಾಷೆ ನನಗೆ ತಿಳಿಯಲಿಲ್ಲ. ಕೈ ಚಾಚಿದೆ. ಸುತ್ತ ಜನ ಕೂಡಿದರು. ಅವನು ವಲ್ಲಿಯ ಮಡಿಕೆ ಬಿಚ್ಚಿ ಹಾಸಿದ.

ಅವನ ಕೈ ಬಿಸಿಯಾಗಿತ್ತು, ಒರಟಾಗಿತ್ತು, ಅವನದೇ ಆಗಿತ್ತು. ಅದು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ ಬಂತು. ಕೊನೆಯದಕ್ಕೆ ಬಂದು ನಿಂತಿತು. ಅವನು ತಲೆಯೆತ್ತಿ ನನ್ನ ಕಣ್ಣು ನೋಡಿದ. ನನ್ನ ಕಿರುಬೆರಳು ಅವನ ಅಂಗೈಯಲ್ಲಿ ನಡುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ನಡುಗುತ್ತಿತ್ತು. ಉಳಿದ ನಾಲ್ಕು ಬೆರಳು ಅದನ್ನು ಮುಚ್ಚಲು ನೋಡಿದವು. ಅವನು ಮುಚ್ಚಗೊಡಲಿಲ್ಲ. ಆ ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು, ಅದು ಶಾಂತವಾಗುವವರೆಗೆ ಕೂತ.

ವಲ್ಲಿ ತೆಗೆದಾಗ, ಯಾವ ವ್ಯವಹಾರ, ಏನು ಧಾರಣೆ, ವಕೀಲರು ಏನು ಹೇಳಿದರು ಎಂದು ಸುತ್ತಲಿನವರು ಅವನನ್ನು ಕೇಳಿದರು. ಒಂದು ಮಾತಿನಲ್ಲಿ ಅವನು ನನ್ನನ್ನು ಮುಗಿಸಬಹುದಿತ್ತು.

"ವಲ್ಲಿ ಬುಡಕಿಂದು ಹೊರಗ ಹೇಳೂದಲ್ರಪಾ," ಎಂದು ಅವನು ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡ.

ಸಾಯುವವರೆಗೂ ಅವನು ಹೇಳಲಿಲ್ಲ. ಅವನು ಹೋಗಿ ಬಹಳ ವರ್ಷಗಳಾದ ಮೇಲೆ ನಾನೇ ಹೇಳುತ್ತಿದ್ದೇನೆ. ಇದನ್ನು ಎಡಗೈಯಲ್ಲಿ ಬರೆದಿದ್ದೇನೆ.